ಯಾರೂ ಹೆಸರು ಕೇಳಿರದ ಹಳೇ ಲವ್ ಕಾಮಿಡಿಗಳನ್ನ ನಮ್ಮ ಯಜಮಾನ್ರು ಯಾಕೆ ಹುಡುಕಿ ಹುಡುಕಿ ತರ್ತಾರೆ?

ಓದುಗರ ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದೀವಿ. ನಮ್ಮ ಯಜಮಾನ್ರಿಗೆ 1930ರ ಆಸುಪಾಸಿನ ಅಮೆರಿಕನ್ ರೊಮ್ಯಾಂಟಿಕ್ ಕಾಮಿಡಿಗಳ ಹುಚ್ಚು. ಅದೂ ಹೆಸರುವಾಸಿ ಆದವಲ್ಲ, ಯಾರಿಗೂ ಗೊತ್ತಿರದಂಥವು. ಮೊದಲು ಬರೀ ಡಿವಿಡಿ ತರ್ತಿದ್ರು, ಈಗ ಯಾರೋ ಹಳೇ ಮನೆ ಖಾಲಿ ಮಾಡೋ ಸೇಲಲ್ಲಿ 16 ಎಂಎಂ ರೀಲುಗಳ ಒಂದು ಪೆಟ್ಟಿಗೆನೇ ತಂದು ಬೇಸ್‌ಮೆಂಟಲ್ಲಿ ಇಟ್ಟಿದಾರೆ. ಒಳ್ಳೊಳ್ಳೆ ಸಿನಿಮಾ ಎಲ್ಲಾ ಟಿವಿಲೇ ಸಿಗೋವಾಗ ಇದರಲ್ಲಿ ಏನಿದೆ? ಕಥೆನೂ ಎಲ್ಲಾ ಒಂದೇ ತರ. ಒಂದು ಡಬ್ಬ ತೆಗೆದ್ರೆ ವಿನೆಗರ್ ವಾಸನೆ ಬೇರೆ. ಹಳೇ ಫಿಲ್ಮು ಬೆಂಕಿ ಹತ್ಕೊಳತ್ತೆ ಅಂತಾರಲ್ಲ, ಮನೇಲಿ ಚಿಕ್ಕ ಮಕ್ಕಳಿದಾರೆ, ಭಯ ಪಡ್ಬೇಕಾ?

ಉತ್ತರ:

ಮೊದಲು ಮಕ್ಕಳ ವಿಷಯ ಹೇಳ್ಬಿಡ್ತೀನಿ ಮೇಡಂ, ಆಮೇಲೆ ಉಳಿದಿದ್ದು. ಬೆಂಕಿ ಹತ್ಕೊಳ್ಳೋದು ನೈಟ್ರೇಟ್ ಫಿಲ್ಮು. ಸುಮಾರು 1951ರವರೆಗೆ ಥಿಯೇಟರಿಗೆ ಹೋಗ್ತಿದ್ದ 35 ಎಂಎಂ ರೀಲು ಹೆಚ್ಚಾಗಿ ಅದರಲ್ಲೇ ಇರ್ತಿತ್ತು, ಮತ್ತೆ ಅದು ನಿಜವಾಗ್ಲೂ ಅಪಾಯನೇ, ಒಂದ್ಸಲ ಹತ್ಕೊಂಡ್ರೆ ನೀರು ಹಾಕಿದ್ರೂ ಆರಲ್ಲ. ಆದ್ರೆ 16 ಎಂಎಂನ ಕೊಡಾಕ್ ಕಂಪನಿ 1923ರಲ್ಲಿ ಮನೆ ಬಳಕೆಗೆ ಅಂತಲೇ ತಂದಿದ್ದು, ಮನೇಲಿ ಓಡಿಸೋ ಸಾಮಾನು ಆದ್ದರಿಂದ ಮೊದಲಿಂದ್ಲೂ ಸೇಫ್ಟಿ ಫಿಲ್ಮಲ್ಲೇ, ಅಂದ್ರೆ ಹಾಗೆ ಬೆಂಕಿ ಹತ್ಕೊಳ್ಳದ ಫಿಲ್ಮಲ್ಲೇ ಮಾಡಿದ್ರು. ಪೆಟ್ಟಿಗೆಯಲ್ಲಿರೋದೆಲ್ಲ 16 ಎಂಎಂ ಆಗಿದ್ರೆ ಬೆಂಕಿ ಚಿಂತೆ ಬಿಟ್ಬಿಡಿ. ಅಕಸ್ಮಾತ್ ಅದರ ಎರಡರಷ್ಟು ಅಗಲ ಇರೋ ರೀಲು ಏನಾದ್ರೂ ಮಧ್ಯೆ ಸೇರ್ಕೊಂಡಿದ್ರೆ ಮಾತ್ರ ಅದನ್ನ ಮುಟ್ಟದೆ, ಬಿಸಿಲು ಒಲೆ ಹೀಟರ್ ಯಾವ್ದೂ ಇಲ್ಲದ ಕಡೆ ಬಿಟ್ಟು, ಹಳೇ ಫಿಲ್ಮ್ ಕಾಪಾಡಿ ಇಡೋ ಯಾವ್ದಾದ್ರೂ ಆರ್ಕೈವಿಗೆ ಫೋನ್ ಮಾಡ್ಸಿ. ವಿನೆಗರ್ ವಾಸನೆ ಬೇರೆ ಕಾಯಿಲೆ, ಅದಕ್ಕೆ ಕೊನೇಲಿ ಬರ್ತೀನಿ.

ಈಗ ನಿಮ್ಮ ನಿಜವಾದ ಪ್ರಶ್ನೆ, ಇದರಲ್ಲಿ ಏನಿದೆ ಅನ್ನೋದು. ನಾನು ರೀಲು ರಿಪೇರಿ, ಸ್ಕ್ಯಾನಿಂಗ್ ಕೆಲಸ ಮಾಡ್ಕೊಂಡು ಬಂದೋನು, ಈ ಹುಚ್ಚು ನನಗೂ ಇದೆ, ಹಾಗಾಗಿ ಹೊರಗಿನೋನ ತರ ಉತ್ತರ ಕೊಡೋಕೆ ನನಗಾಗಲ್ಲ. ಎಲ್ಲಾರೂ ಅಪರೂಪ ಅಪರೂಪ ಅಂತಾರೆ, ಅಪರೂಪದ ಸಾಮಾನು ಇಟ್ಕೊಳ್ಳೋ ಆಸೆ ಅಂತಾರೆ. ಅದೂ ಸ್ವಲ್ಪ ಇದೆ, ಇಲ್ಲ ಅನ್ನಲ್ಲ. ಆದ್ರೆ ಬರೀ ಅದಕ್ಕೋಸ್ಕರ ಯಾರೂ ಇಪ್ಪತ್ತು ಮೂವತ್ತು ವರ್ಷ ಇದರ ಹಿಂದೆ ಬೀಳಲ್ಲ.

ಒಬ್ಬ ಡೈರೆಕ್ಟರ್ ಕಥೆ ಹೇಳ್ತೀನಿ, ವಿಲಿಯಂ ಸೈಟರ್ ಅಂತ. ಈ ಹೆಸರು ನೀವು ಕೇಳಿರಲ್ಲ, ಅಮೆರಿಕದಲ್ಲೇ ಹೆಚ್ಚಿನ ಜನ ಕೇಳಿರಲ್ಲ. ಮೂಕಿ ಕಾಲದಿಂದ ಹಿಡಿದು 1950ರ ದಶಕದವರೆಗೆ ನೂರಕ್ಕೂ ಹೆಚ್ಚು ಸಿನಿಮಾ ಮಾಡಿದೋರು, ಇವತ್ತಿಗೂ ಜನ ನಗೋ ಲಾರೆಲ್ ಮತ್ತು ಹಾರ್ಡಿ ಜೋಡಿಯ ‘ಸನ್ಸ್ ಆಫ್ ದ ಡೆಸರ್ಟ್’ ಇವರದ್ದೇ, ಆದ್ರೂ ಅದನ್ನ ನೋಡಿದೋರಿಗೆ ಡೈರೆಕ್ಟರ್ ಯಾರು ಅಂತ ನೆನಪಿರಲ್ಲ. 1929ರಲ್ಲಿ ಇವರು ಕಾಲೀನ್ ಮೂರ್ ಅನ್ನೋ ಆಗಿನ ದೊಡ್ಡ ತಾರೆನ ಇಟ್ಕೊಂಡು ‘ವೈ ಬಿ ಗುಡ್?’ ಅಂತ ಒಂದು ಲವ್ ಕಾಮಿಡಿ ಮಾಡಿದ್ರು. ದೊಡ್ಡ ಅಂಗಡೀಲಿ ಸೇಲ್ಸ್ ಮಾಡೋ ಹುಡುಗಿ, ಆ ಅಂಗಡಿ ಯಜಮಾನನ ಮಗ, ಹುಡುಗಿ ಒಳ್ಳೆಯವಳಾ ಅಲ್ವಾ ಅಂತ ಪರೀಕ್ಷೆ ಮಾಡೋಕೆ ಹೊರಡೋ ಗಂಡಸರು, ಅವರಿಗೆ ಅವಳು ತಿರುಗಿ ಕೇಳೋ ಪ್ರಶ್ನೆ. ಕಥೆ ಇಷ್ಟೇ. ಆದ್ರೆ ಆ ಕೇಳೋ ಸೀನ್ ಇದೆಯಲ್ಲ, ಮಾತು ಕೇಳಿಸದೆ ಬರೀ ಅಕ್ಷರದಲ್ಲಿ ಬರತ್ತೆ, ಆದ್ರೂ ಇವತ್ತಿನ ಯಾವ ಹುಡುಗಿ ನೋಡಿದ್ರೂ ನೆಟ್ಟಗೆ ಕೂತ್ಕೊಳ್ತಾಳೆ.

ಈ ಸಿನಿಮಾ ದಶಕಗಳ ಕಾಲ ಕಳೆದೇ ಹೋಗಿದೆ ಅಂದ್ಕೊಂಡಿದ್ರು. ಅದು ಡೈಲಾಗ್ ಇಲ್ಲದ, ಆದ್ರೆ ಸಂಗೀತ ಮತ್ತೆ ಸದ್ದು ಇರೋ ಸಿನಿಮಾ, ಆ ಸದ್ದು ಫಿಲ್ಮ್ ಮೇಲೆ ಇರ್ತಿರಲಿಲ್ಲ, ವೈಟಾಫೋನ್ ಅಂತ ಹದಿನಾರು ಇಂಚಿನ ದೊಡ್ಡ ಗ್ರಾಮಫೋನ್ ತಟ್ಟೆ ಮೇಲೆ ಬರ್ತಿತ್ತು. ಒಂದು ರೀಲಿಗೆ ಒಂದು ತಟ್ಟೆ, ಮುಳ್ಳು ನಮ್ಮ ಪ್ಲೇಟುಗಳ ತರ ಹೊರಗಿಂದ ಒಳಗೆ ಬರಲ್ಲ, ಒಳಗಿಂದ ಹೊರಗೆ ಹೋಗತ್ತೆ, ಲೇಬಲ್ ಮೇಲೆ ಸಣ್ಣ ಸಣ್ಣ ಚೌಕಗಳಿರ್ತಾವೆ, ಒಂದೊಂದ್ಸಲ ಓಡಿಸಿದಾಗ್ಲೂ ಆಪರೇಟರ್ ಒಂದೊಂದು ಗುರುತು ಹಾಕ್ಬೇಕು, ಸುಮಾರು ಇಪ್ಪತ್ತು ಸಲ ಆದ್ಮೇಲೆ ಆ ತಟ್ಟೆ ಕೆಲಸಕ್ಕೆ ಬರಲ್ಲ. ಈ ತಟ್ಟೆಗಳನ್ನ ಅಟ್ಟ, ಗುಜರಿ, ಹಳೇ ಥಿಯೇಟರ್ ಗೋಡೌನ್ ಎಲ್ಲಾ ಕಡೆಯಿಂದ ಹುಡುಕಿ ತೆಗೀತಿದ್ದ ಕೆಲವು ಸಂಗ್ರಾಹಕರು 1991ರಲ್ಲಿ ಸೇರಿ ‘ವೈಟಾಫೋನ್ ಪ್ರಾಜೆಕ್ಟ್’ ಅಂತ ಶುರು ಮಾಡಿದ್ರು. ಅದರ ಮುಂದಾಳಾಗಿದ್ದ ರಾನ್ ಹಚಿನ್ಸನ್ ನಿಮ್ಮ ನ್ಯೂಜೆರ್ಸಿಯವರೇ. ಇತ್ತ ಸದ್ದಿನ ತಟ್ಟೆ ಅಮೆರಿಕದಲ್ಲಿ, ಅತ್ತ ಸದ್ದಿಲ್ಲದ ಚಿತ್ರದ ಪ್ರಿಂಟು ಇಟಲಿಯ ಮಿಲಾನಿನ ಒಂದು ಆರ್ಕೈವಲ್ಲಿ. ಎರಡೂ ಸೇರಿ ಸಿನಿಮಾ 2014ರಲ್ಲಿ ಮತ್ತೆ ಜನರ ಮುಂದೆ ಬಂತು, ಎಂಬತ್ತೈದು ವರ್ಷ ಆದ್ಮೇಲೆ. ಅದರ ಪಾರ್ಟಿ ಸೀನಲ್ಲಿ ಒಂದು ಮೂಲೇಲಿ ಇನ್ನೂ ಯಾರೂ ಅಲ್ಲದ ಜೀನ್ ಹಾರ್ಲೋ ಕೂತಿದಾಳೆ, ಮುಂದೆ ಎರಡೇ ವರ್ಷದಲ್ಲಿ ದೇಶಕ್ಕೆಲ್ಲ ಗೊತ್ತಾಗೋ ಮುಖ. ಹೀರೋ ನೀಲ್ ಹ್ಯಾಮಿಲ್ಟನ್ ಮುಂದೆ 1960ರ ದಶಕದ ಟಿವಿ ‘ಬ್ಯಾಟ್‌ಮನ್’ನಲ್ಲಿ ಪೊಲೀಸ್ ಕಮಿಷನರ್ ಗಾರ್ಡನ್ ಆಗಿ ಬರೋ ಮುದುಕ. ಇಂಥದ್ದು ಕಣ್ಣಿಗೆ ಬಿದ್ದಾಗ ಆಗೋ ಖುಷಿ ಇದೆಯಲ್ಲ, ದೊಡ್ಡ ಜಾತ್ರೇಲಿ ನಮ್ಮೂರೋರ ಮುಖ ಕಂಡ ಹಾಗೆ.

ಇದೇ ಸೈಟರ್ ನಾಲ್ಕು ವರ್ಷ ಆದ್ಮೇಲೆ, 1933ರಲ್ಲಿ, ಆರ್‌ಕೆಒ ಕಂಪನಿಗೆ ‘ರಾಫ್ಟರ್ ರೊಮಾನ್ಸ್’ ಮಾಡ್ತಾರೆ. ಜಿಂಜರ್ ರಾಜರ್ಸ್ ನಾಯಕಿ, ಇನ್ನೂ ದೊಡ್ಡ ಸ್ಟಾರ್ ಆಗಿಲ್ಲ. ನ್ಯೂಯಾರ್ಕಿನ ಒಂದು ವಠಾರ ಅನ್ಕೊಳಿ. ಹುಡುಗಿದು ಬಾಡಿಗೆ ಬಾಕಿ, ಮೇಲಿನ ಅಟ್ಟದ ರೂಮಲ್ಲಿರೋ ಪೇಂಟರ್ ಹುಡುಗನದ್ದೂ ಬಾಡಿಗೆ ಬಾಕಿ. ಓನರು ಒಳ್ಳೆ ಮನುಷ್ಯ, ಹೊರಗೆ ಹಾಕೋಕೆ ಮನಸಿಲ್ಲ, ಅಟ್ಟದ ರೂಮನ್ನ ಇಬ್ಬರಿಗೂ ಶಿಫ್ಟಲ್ಲಿ ಕೊಡ್ತಾನೆ. ಅವನು ರಾತ್ರಿ ವಾಚ್‌ಮನ್ ಕೆಲಸಕ್ಕೆ ಹೋಗ್ತಾನೆ, ಹಗಲು ರೂಮು ಅವನದ್ದು. ಅವಳು ಹಗಲು ಫ್ರಿಜ್ ಮಾರೋ ಕಂಪನೀಲಿ ಫೋನ್ ಮಾಡೋ ಕೆಲಸಕ್ಕೆ ಹೋಗ್ತಾಳೆ, ರಾತ್ರಿ ರೂಮು ಅವಳದ್ದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ, ರೂಮಲ್ಲಿ ಬಿಟ್ಟ ಸಾಮಾನು ನೋಡಿ, ಚೀಟಿ ಬರೆದಿಟ್ಟು ಜಗಳ ಆಡ್ತಾರೆ, ಅದೇ ಹೊತ್ತಲ್ಲಿ ಹೊರಗೆ ರಸ್ತೇಲಿ ಪರಿಚಯ ಆಗಿ, ಇವನೇ ಅವನು ಅಂತ ಗೊತ್ತಿಲ್ಲದೆ, ಲವ್ವೂ ಆಗತ್ತೆ. ಬೆಂಗಳೂರಲ್ಲಿ ಪಿಜೀಲಿದ್ದು ನೈಟ್ ಶಿಫ್ಟ್ ಮಾಡಿರೋ ಯಾವ ಹುಡುಗ ಹುಡುಗಿಗೂ ಇದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ.

ಈ ಸಿನಿಮಾನೂ ದಶಕಗಳ ಕಾಲ ಹೆಚ್ಚುಕಮ್ಮಿ ಯಾರಿಗೂ ಸಿಗ್ತಿರಲಿಲ್ಲ. ಸುಟ್ಟಿರಲಿಲ್ಲ, ಕೊಳೆತಿರಲಿಲ್ಲ, ಕಾಗದಪತ್ರದಲ್ಲಿ ಸಿಕ್ಕಿಹಾಕ್ಕೊಂಡಿತ್ತು. ‘ಕಿಂಗ್ ಕಾಂಗ್’ ಮಾಡಿದ ಮೆರಿಯನ್ ಕೂಪರ್ ಆರ್‌ಕೆಒ ಜೊತೆ ಲೆಕ್ಕದ ತಕರಾರು ಮಾಡ್ಕೊಂಡು 1946ರಲ್ಲಿ ರಾಜಿ ಆದಾಗ ಆರು ಸಿನಿಮಾ ಅವರ ಪಾಲಿಗೆ ಹೋಯ್ತು, ಅದರಲ್ಲಿ ಇದೂ ಒಂದು. ಮಧ್ಯೆ ಟಿವೀಲಿ ಸ್ವಲ್ಪ ದಿನ ಬಂದು ಹೋಗಿದ್ದು ಬಿಟ್ರೆ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಟರ್ನರ್ ಕ್ಲಾಸಿಕ್ ಮೂವೀಸ್ ಚಾನೆಲ್ಲು ಹಕ್ಕುಗಳನ್ನೆಲ್ಲ ಬಿಡಿಸ್ಕೊಂಡು 2007ರಲ್ಲಿ ಆರನ್ನೂ ತೋರಿಸ್ತು. ಅದರಲ್ಲಿ ‘ಲಿವಿಂಗ್ ಆನ್ ಲವ್’ ಅಂತ 1937ರ ಇನ್ನೊಂದಿದೆ, ಅದೂ ಇದೇ ಅಟ್ಟದ ರೂಮಿನ ಕಥೆನೇ, ನಾಲ್ಕೇ ವರ್ಷಕ್ಕೆ ಅದೇ ಕಂಪನಿ ಬೇರೆ ನಟರನ್ನ ಹಾಕಿ ಮತ್ತೆ ಮಾಡಿದ್ದು.

ನೀವು ಕೇಳಿದ್ರಲ್ಲ, ಕಥೆ ಎಲ್ಲಾ ಒಂದೇ ತರ ಅಂತ, ಹೌದು, ಒಂದೇ. ಯಕ್ಷಗಾನಕ್ಕೆ ಹೋಗೋರು ಅದೇ ಪ್ರಸಂಗ ಐವತ್ತು ಸಲ ನೋಡಿರ್ತಾರೆ, ಆದ್ರೂ ಇವತ್ತು ಭಾಗವತರು ಯಾರು, ಯಾವ ವೇಷ ಯಾರದ್ದು ಅಂತ ಕೇಳ್ಕೊಂಡು ಹೋಗಿ ಬೆಳಗಿನವರೆಗೆ ಕೂರ್ತಾರೆ. ಇಲ್ಲೂ ಹಾಗೇನೇ. ಇಬ್ಬರೂ ಕೊನೇಲಿ ಒಂದಾಗ್ತಾರೆ ಅಂತ ಮೊದಲ ನಿಮಿಷದಲ್ಲೇ ಗೊತ್ತು, ನೋಡೋದು ಅವರನ್ನ ಒಂದು ಕೋಣೇಲಿ ತಂದು ನಿಲ್ಲಿಸೋಕೆ ಯಾವ ನೆಪ ಹೂಡಿದಾರೆ ಅಂತ. ನನಗೆ ಈ ಸಿನಿಮಾಗಳು ಹಿಡಿಸೋದೇ ಆ ನೆಪದಲ್ಲಿ. ದೊಡ್ಡ ಸಿನಿಮಾಗಳಲ್ಲಿ ನೆಪ ಶ್ರೀಮಂತರ ಮನೆ, ಹಡಗು, ಓಡಿ ಹೋದ ಕೋಟ್ಯಧಿಪತಿ ಮಗಳು. ಈ ಸಣ್ಣ ಸಿನಿಮಾಗಳಲ್ಲಿ ನೆಪ ಹೆಚ್ಚಾಗಿ ಬಾಡಿಗೆ, ಕೆಲಸ, ಊಟ. ಅದು ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ, 1933ರಲ್ಲಿ ದುಡಿಯೋ ಕೈಗಳಲ್ಲಿ ಸುಮಾರು ನಾಲ್ಕಕ್ಕೊಂದು ಖಾಲಿ ಇತ್ತು. ಸೈಟರ್ ಅವರದ್ದೇ 1935ರ ‘ಇಫ್ ಯೂ ಕುಡ್ ಓನ್ಲಿ ಕುಕ್’ ತಗೊಳಿ: ಪಾರ್ಕ್ ಬೆಂಚಲ್ಲಿ ಪೇಪರಿನ ಕೆಲಸ ಖಾಲಿ ಇದೆ ಕಾಲಂ ನೋಡ್ತಾ ಕೂತ ಜೀನ್ ಆರ್ಥರ್, ಪಕ್ಕದಲ್ಲಿ ಕೂತ ಕಾರು ಕಂಪನಿ ಯಜಮಾನನನ್ನ ಇವನೂ ಕೆಲಸ ಇಲ್ಲದೋನು ಅಂದ್ಕೊಂಡು, ಗಂಡ ಹೆಂಡತಿ ಬೇಕು ಅಂತ ಬಂದಿರೋ ಅಡುಗೆಯವಳು ಬಟ್ಲರ್ ಕೆಲಸಕ್ಕೆ ಜೊತೆಗೆ ಕರ್ಕೊಂಡು ಹೋಗ್ತಾಳೆ, ಆ ಮನೆ ಒಬ್ಬ ಗ್ಯಾಂಗ್‌ಸ್ಟರ್‌ದು. ಎಂಥ ಲವ್ ಸ್ಟೋರಿ ನೋಡಿ, ಅದರ ಕೆಳಗೆ ಇರೋದು ಮಾತ್ರ ಊಟಕ್ಕೆ ಏನು ಗತಿ ಅನ್ನೋ ಪ್ರಶ್ನೆ. ಆ ಕಾಲದ ಜನ ಹೇಗೆ ಬದುಕಿದ್ರು ಅಂತ ತಿಳ್ಕೊಳ್ಳೋಕೆ ಗಂಭೀರ ಸಿನಿಮಾಗಳಿಗಿಂತ ನಾನು ಇವನ್ನೇ ನಂಬ್ತೀನಿ, ಯಾಕಂದ್ರೆ ಇವು ಏನನ್ನೂ ಸಾಬೀತು ಮಾಡೋಕೆ ಹೊರಟಿಲ್ಲ, ಅಡುಗೆಮನೆ, ಮೆಟ್ಟಿಲು, ಬಾಡಿಗೆ ಚೀಟಿ ಎಲ್ಲಾ ತಾನಾಗೇ ಬಂದು ಕೂತಿರತ್ತೆ.

ಆ ಸಿನಿಮಾಗೆ ಇನ್ನೊಂದು ಕಥೆನೂ ಇದೆ. ಕೊಲಂಬಿಯಾ ಕಂಪನಿಯೋರು ಇಂಗ್ಲೆಂಡಲ್ಲಿ ಅದನ್ನ ಫ್ರಾಂಕ್ ಕಾಪ್ರಾ ಸಿನಿಮಾ ಅಂತ ಹೇಳಿ ಓಡಿಸಿದ್ರು. ಕಾಪ್ರಾ ಅಂದ್ರೆ ಆಗ ದೊಡ್ಡ ಹೆಸರು, ಅವರ 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಐದು ಮುಖ್ಯ ಆಸ್ಕರ್ ಬಾಚ್ಕೊಂಡಿತ್ತು. ಗೊತ್ತಾಗಿ ಕಾಪ್ರಾ ಕೋರ್ಟಿಗೇ ಹೋದ್ರು. ಅವರ ಸಿಟ್ಟು ನ್ಯಾಯವಾದದ್ದೇ. ಆದ್ರೆ ನನಗೆ ಯಾವಾಗ್ಲೂ ನೆನಪಾಗೋದು ಸೈಟರ್, ತಾನು ಮಾಡಿದ ಕೆಲಸ ಇನ್ನೊಬ್ಬರ ಹೆಸರಲ್ಲಿ ಓಡಿದಾಗ ಅವರಿಗೆ ಹೇಗಾಗಿರಬೇಡ. ಸಂಗ್ರಾಹಕರು ಇಂಥೋರ ಕಡೆ ನಿಲ್ಲೋರು. ಯಾರೂ ಪರಿಚಯ ಮಾಡಿಸದ ಒಬ್ಬ ಕೆಲಸಗಾರನನ್ನ ಒಂದು ಸಿನಿಮಾದಿಂದ ಇನ್ನೊಂದಕ್ಕೆ ಹಿಂಬಾಲಿಸ್ತಾ ಹೋದ್ರೆ, ಓ ಇವರು ನಟರನ್ನ ಆತುರ ಪಡಿಸಲ್ಲ, ಜಗಳದ ಸೀನಲ್ಲೂ ಇಬ್ಬರಿಗೂ ಮರ್ಯಾದೆ ಬಿಡಲ್ಲ, ಅಂತ ನಿಧಾನಕ್ಕೆ ಗೊತ್ತಾಗತ್ತೆ, ಅದು ಯಾವ ಪುಸ್ತಕ ಓದಿ ಬಂದಿದ್ದಲ್ಲ, ನಿಮ್ಮ ಯಜಮಾನ್ರು ತಾವೇ ಕಂಡಿದ್ದು. ಹೆಸರಾದ ಸಿನಿಮಾ ನೋಡೋವಾಗ ಎಲ್ಲಿ ನಗ್ಬೇಕು ಅಂತ ಮೊದಲೇ ಕೇಳಿರ್ತೀವಿ. ಇಲ್ಲಿ ಹಾಗಿಲ್ಲ, ನಕ್ಕಿದ್ದು ಪೂರ್ತಿ ನಮ್ಮದೇ.

ಕಾಪ್ರಾ ಅವರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಸೋತಿದ್ದಿದ್ರೂ ಅದರ ಕಥೆ ಮಾತ್ರ ಸಾಯ್ತಿರಲಿಲ್ಲ ಅನ್ಸತ್ತೆ, ಹಿಂದೀಲಿ ‘ಚೋರಿ ಚೋರಿ’ ಆಯ್ತು, ‘ದಿಲ್ ಹೈ ಕಿ ಮಾನ್ತಾ ನಹೀ’ ಆಯ್ತು, ಅಲ್ಲಿಂದ 2007ರಲ್ಲಿ ನಮ್ಮ ಗಣೇಶ್ ಅವರ ‘ಹುಡುಗಾಟ’ ಆಗಿ ಕನ್ನಡಕ್ಕೂ ಬಂತು. ಆದ್ರೆ ಅದೇ 1934ರಲ್ಲಿ ಬಂದ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ನೋಡ್ಬೇಕು ಅಂದ್ರೆ ಇವತ್ತು ಒಂದು ಪ್ರಿಂಟೂ ಇಲ್ಲ. ನನ್ನಂಥ ಕನ್ನಡದೋನಿಗೆ ಬೇರೆ ದೇಶದ ಹಳೇ ರೀಲಿನ ಮೇಲೆ ಯಾಕಿಷ್ಟು ಪ್ರೀತಿ ಅಂತ ಕೇಳೋರಿಗೆ ನಾನು ಇದನ್ನೇ ಹೇಳ್ತೀನಿ. ಉಳಿಯದೆ ಹೋದ್ರೆ ಹೇಗಿರತ್ತೆ ಅಂತ ನಮಗೆ ಚೆನ್ನಾಗಿ ಗೊತ್ತು.

ಅಮೆರಿಕದೋರೇನೂ ಎಲ್ಲಾ ಜೋಪಾನ ಮಾಡಿಲ್ಲ. ಅಲ್ಲಿನ ಸಂಸತ್ತಿನ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಹೊರತಂದ ಲೆಕ್ಕದಲ್ಲಿ, ಅಲ್ಲಿ ಮಾಡಿದ ಸುಮಾರು 11,000 ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದಿರೋದು ಬರೀ 14 ಪರ್ಸೆಂಟು. ನೀವಿರೋ ನ್ಯೂಜೆರ್ಸಿಯ ಲಿಟಲ್ ಫೆರಿ ಅನ್ನೋ ಊರಲ್ಲೇ 1937ರ ಜುಲೈ 9ರಂದು ಫಾಕ್ಸ್ ಕಂಪನಿಯ ಫಿಲ್ಮ್ ಗೋಡೌನ್ ಹೊತ್ಕೊಂಡು ಅವರ ಮೂಕಿ ಕಾಲದ ಹೆಚ್ಚಿನ ಚಿತ್ರಗಳು ಬೂದಿ ಆದ್ವು, ನೈಟ್ರೇಟ್ ಅಂದ್ರೆ ಏನು ಅಂತ ಅಲ್ಲಿ ಗೊತ್ತಾಯ್ತು. ಟಾಕಿ ಕಾಲದ ಲವ್ ಕಾಮಿಡಿಗಳಿಗೆ ಇನ್ನೊಂದು ಏಟು ಬಿದ್ದಿದ್ದು ಸೆನ್ಸಾರಿಂದ. 1934ರ ಜುಲೈಯಿಂದ ಹಾಲಿವುಡ್ ತನ್ನದೇ ನೀತಿಸಂಹಿತೆನ ಗಟ್ಟಿಯಾಗಿ ಜಾರಿಗೆ ತಂದಾಗ ಅದಕ್ಕೂ ಮುಂಚಿನ ಸಿನಿಮಾಗಳನ್ನ ಮತ್ತೆ ಬಿಡುಗಡೆ ಮಾಡೋದೇ ಕಷ್ಟ ಆಯ್ತು, ಮಾಡಿದ್ರೂ ಕತ್ತರಿ ಹಾಕಿಸ್ಕೊಂಡು. 1932ರ ‘ಲವ್ ಮಿ ಟುನೈಟ್’ನಿಂದ ಹೀಗೆ ಕತ್ತರಿಸಿದ ಭಾಗ ಇವತ್ತಿಗೂ ಸಿಕ್ಕಿಲ್ಲ. 1933ರ ‘ಕನ್ವೆನ್ಷನ್ ಸಿಟಿ’ ಅನ್ನೋ ಕಾಮಿಡಿಯಂತೂ ಪೂರ್ತಿ ಕಾಣೆ, ಸ್ಕ್ರಿಪ್ಟ್ ಇದೆ, ಫೋಟೋಗಳಿವೆ, ಸಿನಿಮಾ ಇಲ್ಲ. ಎಲ್ಲೋ ಒಂದು ಡಬ್ಬದಲ್ಲಿ ಅದು ಇದೆ ಅಂತ ನಂಬ್ಕೊಂಡಿರೋರಲ್ಲಿ ನಾನೂ ಒಬ್ಬ.

ಹಾಗಾದ್ರೆ ನಿಮ್ಮ ಬೇಸ್‌ಮೆಂಟಿನಂಥ ಕಡೆಗೆ ಈ ರೀಲುಗಳು ಬಂದಿದ್ದು ಹೇಗೆ ಅಂದ್ರೆ, ಟಿವಿಯಿಂದ. 1955ರ ಕೊನೇಲಿ ಆರ್‌ಕೆಒದ ಏಳುನೂರಕ್ಕೂ ಹೆಚ್ಚು ಸಿನಿಮಾಗಳ ಟಿವಿ ಹಕ್ಕನ್ನ ಸಿ ಅಂಡ್ ಸಿ ಅನ್ನೋ ಕಂಪನಿ ತಗೊಳ್ತು, ಅದು ಸೋಡಾ ಕೋಲಾ ಮಾರೋ ಕಂಪನಿ! ಊರೂರಿನ ಟಿವಿ ಸ್ಟೇಷನ್ನುಗಳಿಗೆ ಸಿನಿಮಾಗಳ 16 ಎಂಎಂ ಪ್ರಿಂಟ್ ಕೊಡೋದು, ಬದಲಿಗೆ ಜಾಹೀರಾತಿನ ಸಮಯ ತಗೊಳ್ಳೋದು, ಹಾಗೆ ವ್ಯಾಪಾರ. ಆ ಪ್ರಿಂಟುಗಳಲ್ಲಿ ಆರ್‌ಕೆಒದ ಗೋಪುರದ ಲೋಗೋ ತೆಗೆದು ತಮ್ಮ ಬೋರ್ಡ್ ಅಂಟಿಸಿರ್ತಾರೆ, ಅದನ್ನ ನೋಡಿದ ತಕ್ಷಣ ನಮಗೆ ಗೊತ್ತಾಗತ್ತೆ. ಪ್ಯಾರಾಮೌಂಟ್ ಸ್ಟುಡಿಯೋದ 1950ಕ್ಕೂ ಹಿಂದಿನ ಟಾಕಿಗಳನ್ನ 1958ರಲ್ಲಿ ಎಂಸಿಎ ಅನ್ನೋ ಕಂಪನಿ ಕೊಂಡ್ಕೊಳ್ತು, ಈಗ ಅವು ಯುನಿವರ್ಸಲ್ ಹತ್ರ ಇವೆ, ಅದರಲ್ಲಿ ಎಷ್ಟೋ ಲವ್ ಕಾಮಿಡಿಗಳು ಡಿವಿಡಿ ಮುಖವನ್ನೇ ನೋಡಿಲ್ಲ. ಕಲರ್ ಟಿವಿ ಬಂದ್ಮೇಲೆ ಸ್ಟೇಷನ್ನುಗಳು ಈ ಕಪ್ಪುಬಿಳುಪು ರೀಲುಗಳನ್ನ ಎಸೀತಾ ಬಂದ್ವು, ಎಸೆದಿದ್ದನ್ನ ಎತ್ತಿಟ್ಕೊಂಡೋರೇ ಸಂಗ್ರಾಹಕರು. ಆಗ ಅವರನ್ನ ಕಳ್ಳರ ತರ ನೋಡ್ತಿದ್ರು. 1974ರಲ್ಲಿ ನಟ ರಾಡಿ ಮ್ಯಾಕ್‌ಡೊವಾಲ್ ಮನೆಯಿಂದ ಎಫ್‌ಬಿಐ ರೀಲುಗಳನ್ನ ಹೊತ್ಕೊಂಡು ಹೋಯ್ತು. ಈಗ ಅದೇ ಸಂಗ್ರಾಹಕರ ಮನೆ ಬಾಗಿಲಿಗೆ ಆರ್ಕೈವುಗಳು ಬಂದು ಕೇಳ್ತಾವೆ.

ವಿಲಿಯಂ ಎವರ್ಸನ್ ಅಂತ ಒಬ್ಬರಿದ್ರು, ಇಂಗ್ಲೆಂಡಿಂದ ಬಂದು ನ್ಯೂಯಾರ್ಕಲ್ಲಿ ನೆಲೆಸಿದೋರು, ತಾವು ಕೂಡಿಟ್ಟ 16 ಎಂಎಂ ಪ್ರಿಂಟುಗಳನ್ನ ದಶಕಗಳ ಕಾಲ ವಿದ್ಯಾರ್ಥಿಗಳಿಗೆ, ಫಿಲ್ಮ್ ಸೊಸೈಟಿಯೋರಿಗೆ ತೋರಿಸ್ತಾ, ಒಂದೊಂದಕ್ಕೂ ಟೈಪ್ ಮಾಡಿದ ಪುಟ್ಟ ಟಿಪ್ಪಣಿ ಹಂಚ್ತಿದ್ರು. ಅವರು 1996ರಲ್ಲಿ ತೀರ್ಕೊಂಡ್ರು. ಸಂಗ್ರಹ ಅಂದ್ರೆ ನನಗೆ ಅದೇ ಮಾದರಿ, ಬೀರುವಲ್ಲಿ ಇಟ್ಟು ಬೀಗ ಹಾಕೋದಲ್ಲ, ತೋರಿಸೋದು. ಲೈಬ್ರರಿ ಆಫ್ ಕಾಂಗ್ರೆಸ್ಸು ವರ್ಜೀನಿಯಾದ ಕಲ್ಪೆಪರಲ್ಲಿ 2012ರಲ್ಲಿ ಒಂದು ಕೂಟ ಶುರು ಮಾಡಿತ್ತು, ಹೆಸರಿಲ್ಲದ ಸಿನಿಮಾ ತುಣುಕು ತೋರಿಸ್ತಿದ್ರು, ಕೂತೋರು ಕತ್ತಲಲ್ಲೇ ಕೂಗಿ ಹೇಳ್ತಿದ್ರು, ಆ ಕಾರಿನ ನಂಬರ್ ಪ್ಲೇಟ್ ನೋಡಿ, ಆ ಟೆಲಿಫೋನ್ ಮಾಡೆಲ್ ನೋಡಿ, ಆ ಬಾಗಿಲಲ್ಲಿ ನಿಂತ ಅಡುಗೆಯವಳ ಪಾತ್ರದವಳು ಇಂಥೋಳು ಅಂತ. ಸಿನಿಮಾ ನೋಡೋವಾಗ ಮಾತಾಡ್ಬೇಡಿ ಅನ್ನೋದು ಅಲ್ಲಿ ಇರಲಿಲ್ಲ. ನಿಮ್ಮ ಯಜಮಾನ್ರನ್ನ ಇಂಥ ಕೂಟಕ್ಕೆ ಒಂದ್ಸಲ ಬಿಟ್ರೆ ಅವರ ವಯಸ್ಸು ಹತ್ತು ವರ್ಷ ಇಳಿಯತ್ತೆ.

ಎಲ್ಲಾ ಹಳೇದೂ ಚಿನ್ನ ಅಂತ ನಾನು ಹೇಳ್ತಿಲ್ಲ. ಎಷ್ಟೋ ಸಿನಿಮಾ ಎಪ್ಪತ್ತು ನಿಮಿಷವೂ ಕೂರೋಕಾಗಲ್ಲ. ಕಪ್ಪು ಜನರ ಪಾತ್ರಗಳನ್ನ ತೋರಿಸಿರೋ ರೀತಿ ಎಷ್ಟೋ ಕಡೆ ನೋಡೋಕೆ ನೋವಾಗತ್ತೆ, ಅದನ್ನ ಮಕ್ಕಳ ಜೊತೆ ನೋಡೋವಾಗ ನಿಲ್ಲಿಸಿ ಮಾತಾಡ್ಬೇಕು. ಮತ್ತೆ ಆನ್‌ಲೈನಲ್ಲಿ ರೇರ್ ಅಂತ ಬರೆದಿದ್ದಕ್ಕೆಲ್ಲ ದುಡ್ಡು ಸುರೀಬೇಡಿ ಅಂತ ಅವರಿಗೆ ಹೇಳಿ. ‘ಮೈ ಮ್ಯಾನ್ ಗಾಡ್‌ಫ್ರೆ’, ‘ಹಿಸ್ ಗರ್ಲ್ ಫ್ರೈಡೇ’ ತರದವು ಕಾಪಿರೈಟ್ ನವೀಕರಿಸದೆ ಎಂದೋ ಸಾರ್ವಜನಿಕ ಆಸ್ತಿ ಆಗ್ಬಿಟ್ವು, ಅದಕ್ಕೇ ಅವುಗಳ ಪ್ರಿಂಟು ಬೇಕಾದಷ್ಟಿವೆ. ಅಮೆರಿಕದಲ್ಲಿ ಈಗ 95 ವರ್ಷದ ಲೆಕ್ಕ, 1929ರ ಸಿನಿಮಾಗಳೆಲ್ಲ 2025ರ ಜನವರಿ 1ಕ್ಕೆ ಬಿಡುಗಡೆ ಆದ್ವು, ಮುಂದೆ ವರ್ಷಕ್ಕೊಂದು ವರ್ಷದವು ಸೇರ್ತಾ ಹೋಗ್ತಾವೆ. ಸ್ವಲ್ಪ ತಾಳ್ಮೆ ಇದ್ರೆ ಎಷ್ಟೋ ಪುಕ್ಕಟೆ ಸಿಗತ್ತೆ.

ಈಗ ವಿನೆಗರ್ ವಾಸನೆ. ಸೇಫ್ಟಿ ಫಿಲ್ಮಿನ ಅಸಿಟೇಟ್ ತೇವ ಮತ್ತೆ ಶಾಖಕ್ಕೆ ಒಡೆದು ಅಸಿಟಿಕ್ ಆಸಿಡ್ ಬಿಡತ್ತೆ, ಅಡುಗೆಮನೆ ವಿನೆಗರಲ್ಲಿರೋದೂ ಅದೇ. ಕೆಟ್ಟದ್ದೇನಂದ್ರೆ ಆ ಆಸಿಡ್ಡೇ ಒಡೆಯೋದನ್ನ ಇನ್ನೂ ಜೋರು ಮಾಡತ್ತೆ, ಪಕ್ಕದ ಒಳ್ಳೆ ರೀಲಿಗೂ ದಾಟ್ಕೊಳತ್ತೆ. ಹಾಗಾಗಿ ಇವತ್ತೇ ಆ ಡಬ್ಬನ ಬೇರೆ ರೂಮಿಗೆ ಒಯ್ದಿಡಿ. ಬೇಸ್‌ಮೆಂಟ್ ತೇವ, ಅಟ್ಟ ಬಿಸಿ, ಎರಡೂ ಬೇಡ, ಮನೆಯಲ್ಲಿ ತಣ್ಣಗೆ ಒಣಗಿರೋ ಕಪಾಟು ಒಳ್ಳೇದು. ಗಾಳಿ ಆಡದ ಹಾಗೆ ಪ್ಲಾಸ್ಟಿಕ್ ಸುತ್ತಬೇಡಿ. ನಾನು ಒಂದು 1936ರ ಸಣ್ಣ ಲವ್ ಕಾಮಿಡಿ ಪ್ರಿಂಟನ್ನ ಮಳೆಗಾಲದಲ್ಲಿ ಧೂಳು ಬೀಳ್ಬಾರ್ದು ಅಂತ ಕವರಲ್ಲಿ ಬಿಗಿಯಾಗಿ ಕಟ್ಟಿಟ್ಟು, ಎರಡು ವರ್ಷ ಬಿಟ್ಟು ತೆಗೆದಾಗ ಫಿಲ್ಮು ಹಪ್ಪಳದ ಹಾಗೆ ಸೊಟ್ಟ ಆಗಿತ್ತು, ಎರಡನೇ ರೀಲು ಉಳಿಸ್ಕೊಳ್ಳೋಕೆ ಆಗಲೇ ಇಲ್ಲ, ಆ ದಿನ ಊಟ ಸೇರಲಿಲ್ಲ ನನಗೆ. ಎಡಿ ಸ್ಟ್ರಿಪ್ಸ್ ಅಂತ ಸಣ್ಣ ಕಾಗದದ ಪಟ್ಟಿ ಸಿಗತ್ತೆ, ಡಬ್ಬದೊಳಗೆ ಇಟ್ರೆ ನೀಲಿಯಿಂದ ಹಸಿರಿಗೆ, ಹಸಿರಿಂದ ಹಳದಿಗೆ ತಿರುಗತ್ತೆ, ಹಳದಿ ಕಡೆ ಹೋದಷ್ಟೂ ಕಾಯಿಲೆ ಜಾಸ್ತಿ. ಈ ಕಾಯಿಲೆ ವಾಸಿ ಆಗಲ್ಲ, ನಿಧಾನ ಮಾಡ್ಬಹುದು ಅಷ್ಟೇ. ವಾಸನೆ ಬಂದ ರೀಲು ಕುಗ್ಗಿರತ್ತೆ, ಅದನ್ನ ಹಳೇ ಪ್ರೊಜೆಕ್ಟರಿಗೆ ಹಾಕಿದ್ರೆ ತೂತುಗಳು ಹರಿದು ಹೋಗ್ತಾವೆ, ಅದಕ್ಕೇ ಮೊದಲು ಸ್ಕ್ಯಾನ್, ಆಮೇಲೆ ಬೇರೆ ಮಾತು.

ಇನ್ನೊಂದು, ಆ ಡಬ್ಬದ ಮೇಲೆ ಹೆಸರು ಇದೆಯೋ ಇಲ್ವೋ ನೀವು ಬರೆದಿಲ್ಲ. ಇಲ್ದಿದ್ರೆ ಯಜಮಾನ್ರಿಗೆ ಹೇಳಿ ಕೈಗೆ ಹತ್ತಿ ಗ್ಲೌಸ್ ಹಾಕ್ಕೊಂಡು ಮೊದಲ ಐದಾರು ಅಡಿ ಮಾತ್ರ ಮೆಲ್ಲಗೆ ಬಿಚ್ಚಿ, ಬೆಳಕಿಗೆ ಹಿಡಿದು, ಅಂಚಿನ ಫೋಟೋ ತೆಗೆದು ಕಳಿಸೋಕೆ. ಕೊಡಾಕ್ ಫಿಲ್ಮ್ ಆಗಿದ್ರೆ ಅಂಚಲ್ಲಿ ಸಣ್ಣ ವೃತ್ತ, ಚೌಕ, ತ್ರಿಕೋನದ ಗುರುತು ಇರತ್ತೆ, ಅದು ಆ ಫಿಲ್ಮ್ ಫ್ಯಾಕ್ಟರಿಯಿಂದ ಬಂದ ವರ್ಷದ ಗುರುತು, ಇಪ್ಪತ್ತು ವರ್ಷಕ್ಕೊಮ್ಮೆ ಅದೇ ಗುರುತು ಮತ್ತೆ ಬರೋದ್ರಿಂದ ಚಿತ್ರದ ಒಂದೆರಡು ಫ್ರೇಮೂ ಕಾಣೋ ಹಾಗೆ ತೆಗೀಲಿ, ಬಟ್ಟೆ ಮತ್ತೆ ಕೂದಲ ಸ್ಟೈಲ್ ನೋಡಿ ಉಳಿದಿದ್ದು ಹೇಳ್ತೀನಿ.